ಉಪ್ಪು ಬಿಟ್ಟ ಸೊಸೆ

ನನ್ನ ಕಾಲಿಗೆ ಮೊದಲ ಸಲ ಬಿದ್ದವಳು ಮೂಡಲಗಿಯ ನಮ್ಮ ಓಣಿಗೆ ಹಾಲು ಹಾಕುತ್ತಿದ್ದ ಹೆಂಗಸು. ವಯಸ್ಸಿನಲ್ಲಿ ನನಗಿಂತ ದೊಡ್ಡವಳು. ನಾನು ಕಟ್ಟೆಯ ಮೇಲೆ ಕೂತು ಹೀರೇಕಾಯಿ ಹೆಚ್ಚುತ್ತಿದ್ದೆ. ಅವಳು ಕ್ಯಾನು ಕೆಳಗಿಟ್ಟು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಮಾತಿಲ್ಲದೆ ನನ್ನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡಳು. ನಾನು ಬೆಚ್ಚಿ ಕಾಲು ಎಳೆದುಕೊಂಡೆ. ಕಾಲು ನೀರು ತುಂಬಿ ಬಾತಿತ್ತು. ಅವಳ ಬೆರಳು ಒತ್ತಿದಲ್ಲಿ ಕುಳಿ ಬಿದ್ದು ಹಾಗೆಯೇ ಉಳಿದಿತ್ತು. ಅವಳು ಅದನ್ನು ನೋಡಲಿಲ್ಲ, ಹಾಲು ಅಳೆದುಕೊಟ್ಟು ಮುಂದಿನ ಮನೆಗೆ ಹೋದಳು.

ಒಳಗೆ ಹೋಗಿ ಅತ್ತೆಯನ್ನು ಕೇಳಿದೆ. "ಅಕಿ ಯಾಕ ನನ್ನ ಕಾಲಿಗೆ ಬಿದ್ಲರಿ?"

ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಬಿದ್ರ ಬೀಳ್ಲಿ ಬಿಡು. ನೀ ವ್ರತ ಹಿಡದಿ ಅಂತ ಹೇಳೇನಿ."

ನಾನು ಯಾವ ವ್ರತವನ್ನೂ ಹಿಡಿದಿರಲಿಲ್ಲ. ನನ್ನ ಎರಡೂ ಕಿಡ್ನಿ ಕೆಟ್ಟಿದ್ದವು, ಅಷ್ಟೆ.

ಇದು ತೊಂಬತ್ತರ ದಶಕ ಮುಗಿದು ಎರಡು ಸಾವಿರದ ಇಸವಿ ಹೊಸದಾಗಿ ಬಂದಾಗಿನ ಮಾತು. ನನಗೆ ಮೂವತ್ತು ದಾಟಿತ್ತು. ನನ್ನ ಗಂಡನದು ಮೂಡಲಗಿ ಪೇಟೆಯಲ್ಲಿ ಬೀಜ, ಗೊಬ್ಬರದ ಅಂಗಡಿ. ವಾರದಲ್ಲಿ ಎರಡು ದಿನ ನಾವಿಬ್ಬರೂ ಬೆಳಗಿನ ಬಸ್ಸಿಗೆ ಗೋಕಾಕಕ್ಕೆ ಹೋಗಿ, ಅಲ್ಲಿ ಬಸ್ಸು ಬದಲಿಸಿ ಬೆಳಗಾವಿಗೆ ಹೋಗುತ್ತಿದ್ದೆವು. ಅಲ್ಲಿ ಯಂತ್ರಕ್ಕೆ ನನ್ನ ಕೈ ಕಟ್ಟಿ ರಕ್ತ ಸೋಸಿ ಕಳಿಸುತ್ತಿದ್ದರು. ಮನೆಯಲ್ಲಿ ದಿನಕ್ಕೆ ಒಂದು ತಂಬಿಗೆ ನೀರು, ಚಹಾ ಸಾರು ಎಲ್ಲ ಅದರಲ್ಲೇ. ಉಪ್ಪು ಬಂದ್. ಕಾಯಿಪಲ್ಯೆ ಕುದಿಸಿ, ಆ ನೀರು ಚೆಲ್ಲಿ, ಮತ್ತೆ ಬೇಯಿಸಬೇಕು. ಆಲೂಗಡ್ಡೆ, ಬಾಳೆಹಣ್ಣು ಮುಟ್ಟಕೂಡದು. ನಮ್ಮದು ಜೈನರ ಮನೆ. ಗಡ್ಡೆಗೆಣಸು ಮೊದಲೇ ಇಲ್ಲ, ಹೊತ್ತು ಮುಳುಗಿದ ಮೇಲೆ ಊಟ ಮೊದಲೇ ಇಲ್ಲ. ಡಾಕ್ಟರು ಪಥ್ಯ ಹೇಳುವಾಗ ಅತ್ತೆ ತಲೆಯಾಡಿಸುತ್ತ, "ಇದೆಲ್ಲಾ ನಮ್ಮ ಧರ್ಮದಾಗ ಐತಲ್ರಿ" ಅಂದಿದ್ದರು. ರೋಗಿಯ ಕಡೆಯವರು ಇಷ್ಟು ಸಲೀಸಾಗಿ ಒಪ್ಪಿದ್ದನ್ನು ಕಂಡು ಡಾಕ್ಟರಿಗೂ ಖುಷಿಯಾಯಿತು.

ಕಿಡ್ನಿ ಕೊಡಲು ನನ್ನ ಅವ್ವ ತಯಾರಾಗಿದ್ದಳು. ಅವ್ವ ಮಮದಾಪುರದವಳು. ಅಪ್ಪ ಹೋದ ಮೇಲೆ ಹೊಲ ತಾನೇ ನೋಡಿಕೊಂಡವಳು, ಮಾತು ಕಟ್ಟಿಗೆ ಒಡೆದ ಹಾಗೆ. ಅವಳ ರಕ್ತ ಹೊಂದಿತು, ಉಳಿದ ಪರೀಕ್ಷೆಗಳೂ ಹೊಂದಿದವು. "ಯಾವಾಗ ತಕ್ಕೊಂತೀರಿ?" ಎಂದು ಡಾಕ್ಟರನ್ನೇ ಅವಸರ ಮಾಡಿದಳು. ಕಿಡ್ನಿಯೆಂದರೆ ಅವಳಿಗೆ ಮನೆಯಲ್ಲಿ ಹೆಚ್ಚಾಗಿ ಉಳಿದ ತಾಮ್ರದ ಕೊಡ ಇದ್ದಂತಿತ್ತು. ಆಪರೇಶನ್ನಿಗೆ ಮುಂಚಿನ ಕೊನೆಯ ತಪಾಸಣೆಯಲ್ಲಿ ನನ್ನ ರಕ್ತದಲ್ಲಿ ಹೆಪಟೈಟಿಸ್ ಸಿ ಕಂಡಿತು.

ಡಾಕ್ಟರು ಬಿಡಿಸಿ ಹೇಳಿದರು. ಇದು ಲಿವರಿಗೆ ಹತ್ತುವ ವೈರಸ್. ರಕ್ತದಿಂದ ರಕ್ತಕ್ಕೆ ಹೋಗುತ್ತದೆ. ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ, ರಕ್ತ ಹಾಕಿಸಿಕೊಂಡವರಿಗೆ ಬರುವುದುಂಟು, ಎಲ್ಲಿಂದ ಬಂತೆಂದು ಹುಡುಕುವುದರಲ್ಲಿ ಅರ್ಥವಿಲ್ಲ. ಊಟದಿಂದ, ನೀರಿನಿಂದ, ಒಂದೇ ತಟ್ಟೆಯಿಂದ ಹರಡುವುದಿಲ್ಲ. "ಆದರೆ ಈ ವೈರಸ್ ಇಟ್ಟುಕೊಂಡು ಕಿಡ್ನಿ ಹಾಕಿದರೆ, ಕಿಡ್ನಿ ಉಳಿಯಲೆಂದು ನಾವು ಕೊಡುವ ಔಷಧದಿಂದಲೇ ವೈರಸ್ ಹೆಚ್ಚಾಗುತ್ತದೆ. ವೈರಸ್ಸಿಗೆ ಇಂಜೆಕ್ಷನ್ ಇದೆ. ಅದನ್ನು ಕಿಡ್ನಿ ಹಾಕಿದ ಮೇಲೆ ಕೊಟ್ಟರೆ ಮೈ ಹೊಸ ಕಿಡ್ನಿಯನ್ನೇ ಹೊರಗೆ ತಳ್ಳಬಹುದು. ಹಾಗಾಗಿ ಮೊದಲು ಇಂಜೆಕ್ಷನ್. ರಕ್ತ ಶುದ್ಧವಾದರೆ ತಾಯಿಯ ಕಿಡ್ನಿ. ಆಗದಿದ್ದರೆ ಆಮೇಲೆ ನೋಡೋಣ." ಆ "ಆಮೇಲೆ ನೋಡೋಣ" ಏನೆಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಕಿಡ್ನಿ ರೋಗವನ್ನು ಹೇಗೋ ಹೇಳಿಕೊಳ್ಳಬಹುದಿತ್ತು. ಲಿವರ್ ಎಂದೊಡನೆ ನಮ್ಮ ಕಡೆ ಜನರ ತಲೆಯಲ್ಲಿ ಎರಡೇ ಬರುತ್ತವೆ. ಒಂದು ಕುಡಿತ, ಇನ್ನೊಂದು ಕಾಮಣಿ, ಅಂದರೆ ಕಾಮಾಲೆ. ಜೈನರ ಸೊಸೆಗೆ ಮೊದಲನೆಯದನ್ನು ಹಚ್ಚುವ ಧೈರ್ಯ ಯಾರಿಗೂ ಇರಲಿಕ್ಕಿಲ್ಲ, ಆದರೂ ಗಂಡನ ಕಡೆಯಿಂದ ಏನೋ ಬಂದಿರಬೇಕು ಎನ್ನುವವರಿಗೆ ಬರವಿಲ್ಲ. ಕಾಮಣಿ ಎಂದರೆ ತಾಟು ಬೇರೆ, ತಂಬಿಗೆ ಬೇರೆ, ಹಾಸಿಗೆ ಬೇರೆ. ನನಗೆ ಎಷ್ಟು ನಾಚಿಕೆಯಾಯಿತೆಂದರೆ, ಡಾಕ್ಟರ ಕೋಣೆಯಿಂದ ಹೊರಬಂದವಳು ಬೆಂಚಿನ ಮೇಲಿದ್ದ ಅವ್ವನ ಪಕ್ಕ ಕೂರಲಿಲ್ಲ. ನಿಂತೇ ಇದ್ದೆ. ನನ್ನ ರಕ್ತ ಹೊಲಸಾಗಿದೆ ಅನ್ನಿಸಿತು. ಅವಳು ಕೈ ಹಿಡಿದೆಳೆದು ಕೂರಿಸಿಕೊಂಡಳು.

ಅತ್ತೆ ಎಲ್ಲವನ್ನೂ ಕೇಳಿಸಿಕೊಂಡರು. ಅವರು ಹುಕ್ಕೇರಿ ಕಡೆಯ ದೊಡ್ಡ ಮನೆತನದ ಮಗಳು. ಮನೆಯ ಮಾತು ಹೊಸ್ತಿಲು ದಾಟಬಾರದು ಎನ್ನುವುದು ಅವರಿಗೆ ಮಂತ್ರವಿದ್ದ ಹಾಗೆ. ಅದಾಗಿ ಕೆಲವು ದಿನಕ್ಕೆ ಬಸದಿಯಲ್ಲಿ ಯಾರೋ ಹೆಂಗಸು ಅವರನ್ನು ಹಿಡಿದುಕೊಂಡಳಂತೆ. "ನಿಮ್ಮ ಸೊಸಿ ಮೊನ್ನಿ ಮದವ್ಯಾಗ ನೀರ ಸೈತ ಮುಟ್ಟಲಿಲ್ಲಲ್ರಿ. ಊಟದಾಗ ಉಪ್ಪಿಲ್ಲದ್ದ ಕೇಳಿದ್ಲಂತ. ಯಾಕ್ರಿ?" ಸುತ್ತ ನಾಲ್ಕು ಜನ. ಅತ್ತೆಯ ಬಾಯಿಂದ ಆ ಗಳಿಗೆಗೆ ಬಂದದ್ದು ಇಷ್ಟು: "ವ್ರತ ಹಿಡದಾಳ. ಒಂದ ವರ್ಷ ಉಪ್ಪ ಬಿಟ್ಟಾಳ, ನೀರೂ ಅಳತಿ ಮ್ಯಾಲ." ನಮ್ಮಲ್ಲಿ ಹಾಗೆ ಉಪ್ಪು, ಬೆಲ್ಲ, ತುಪ್ಪ ಬಿಡುವವರು ಇದ್ದಾರೆ. ಯಾರೂ ಸಂಶಯ ಪಡಲಿಲ್ಲ. ಹಾಲಿನವಳಿಗೆ ಸುದ್ದಿ ಮುಟ್ಟಲು ಎರಡು ದಿನವೂ ಹಿಡಿಯಲಿಲ್ಲ.

ನನಗೆ ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚು ಅವಮಾನ. "ನಾ ರೋಗಿಷ್ಠಿ ಅಂತ ಹೇಳಾಕ ನಿಮಗ ನಾಚಿಕಿ ಆತೇನ್ರಿ?" ಎಂದು ಕೇಳಿಯೇಬಿಟ್ಟೆ. ಒಲೆಯ ಮೇಲೆ ಮೊದಲಿನಿಂದಲೂ ಎರಡು ಪಲ್ಯ ಕುದಿಯುತ್ತಿದ್ದವು, ಉಪ್ಪಿನದೊಂದು, ಉಪ್ಪಿಲ್ಲದ್ದೊಂದು. ಈಗ ಉಪ್ಪಿಲ್ಲದ ಬೋಗುಣಿ ಯಾವಾಗಲೂ ದೊಡ್ಡದೇ.

"ಒಬ್ಬಾಕಿಗೆ ಇಷ್ಟ್ಯಾಕ ಮಾಡ್ತೀರಿ?" ಎಂದರೆ, "ಉಳದ್ರ ಹಾಲಿನಾಕಿ ಎಮ್ಮಿಗೆ ಹಾಕ್ತೇನಿ" ಎನ್ನುತ್ತಿದ್ದರು. ನಮ್ಮೆಲ್ಲರ ಊಟ ಮುಗಿದ ಮೇಲೆ ಅವರು ಅಡುಗೆಮನೆಯಲ್ಲಿ ಒಬ್ಬರೇ ಕೂತು ಉಣ್ಣುತ್ತಿದ್ದರು. ಅದು ಆ ಮನೆಯಲ್ಲಿ ಮೊದಲಿನಿಂದ ಬಂದ ರೂಢಿ, ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಇಂಟರ್‌ಫೆರಾನ್ ಎಂಬ ಆ ಇಂಜೆಕ್ಷನ್ನನ್ನು ವಾರಕ್ಕೆ ಮೂರು ಸಲ ಚುಚ್ಚಿಕೊಳ್ಳಬೇಕಿತ್ತು. ಚುಚ್ಚುವುದನ್ನು ನಾನೇ ಕಲಿತೆ. ಅದನ್ನು ತಂಪಿನಲ್ಲಿಡಬೇಕು. ಅತ್ತೆ ಫ್ರಿಜ್ಜಿನಿಂದ ಹಾಲು, ಮೊಸರು, ಬೆಣ್ಣೆ ಎಲ್ಲ ತೆಗೆದು, ಒಳಗೆ ಅದೊಂದನ್ನೇ ಇಟ್ಟರು. ಬೇಸಿಗೆಯಲ್ಲಿ ಮೊಸರು ಹುಳಿಯಾಗಿ ಗಂಡ ಗೊಣಗಿದರೂ ಮತ್ತೆ ಒಳಗಿಡಲಿಲ್ಲ. ನನ್ನ ಔಷಧಕ್ಕೂ ಮೈಲಿಗೆಯೇ ಎಂದು ನಾನು ಒಳಗೊಳಗೇ ಕುದಿದೆ. ಕರೆಂಟು ಹೋದರೆ ಮಾತ್ರ, ನಮ್ಮಲ್ಲಿ ಅದು ಹೋಗುತ್ತಲೇ ಇರುತ್ತಿತ್ತು, ಅವರೇ ಐಸ್ ಕ್ಯಾಂಡಿ ಮಾಡುವವನ ಮನೆಗೆ ಓಡಿ ಬರ್ಫ ತಂದು ಥರ್ಮಾಸಿಗೆ ತುಂಬುತ್ತಿದ್ದರು.

ಚುಚ್ಚಿದ ದಿನ ಚಳಿಜ್ವರ. ಹಲ್ಲು ಕಟಕಟ. ಎಲುಬೆಲ್ಲ ಮುರಿದು ಜೋಡಿಸಿದ ಹಾಗೆ. ಮನಸ್ಸು ಎಷ್ಟು ಕುಗ್ಗುತ್ತಿತ್ತೆಂದರೆ, ಗೋಕಾಕದ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಕರದಂಟಿನ ಪೊಟ್ಟಣ ಬಿಚ್ಚುವುದನ್ನು ನೋಡಿ ಅತ್ತುಬಿಟ್ಟಿದ್ದೆ. ಕೆಲ ತಿಂಗಳಲ್ಲಿ ಕೂದಲು ಉದುರತೊಡಗಿತು. ಹಣಿಗೆ ಹಾಕಿದರೆ ಹಿಡಿಹಿಡಿಯಾಗಿ ಬರುತ್ತಿತ್ತು. ಸೆರಗು ಹೊದ್ದುಕೊಂಡೇ ಓಡಾಡಿದೆ. ಕೈಯಲ್ಲಿ ಡಯಾಲಿಸಿಸ್ಸಿನ ನರ ಉಬ್ಬಿದ್ದು ಕಾಣಬಾರದೆಂದು ಉದ್ದ ತೋಳಿನ ಬಿಳಿ ಕುಪ್ಪಸ ಹೊಲಿಸಿಕೊಂಡಿದ್ದೆ.

ಊರು ಇದನ್ನೆಲ್ಲ ತನ್ನ ಕಣ್ಣಿನಿಂದ ನೋಡಿತು. ಉಪ್ಪು ಬಿಟ್ಟವಳು, ನೀರು ಬಿಟ್ಟವಳು, ಮೈ ಸೊರಗಿದವಳು, ಬಿಳಿ ತೊಟ್ಟವಳು, ಈಗ ಕೂದಲೂ ಇಲ್ಲ. ನಮ್ಮಲ್ಲಿ ಸನ್ಯಾಸಿಗಳು ತಮ್ಮ ಕೂದಲನ್ನು ತಾವೇ ಕಿತ್ತುಕೊಳ್ಳುತ್ತಾರೆ, ಕೇಶಲೋಚ ಅನ್ನುತ್ತೇವೆ. "ಮನ್ಯಾಗ ಕೇಶಲೋಚ ಸುರು ಮಾಡ್ಯಾಳಂತ. ದೀಕ್ಷಾ ತಗೋತಾಳ ಕಾಣ್ತೈತಿ" ಎಂಬ ಮಾತು ಹುಟ್ಟಿತು. ಹೆಂಗಸರು ಕೂಸುಗಳನ್ನು ತಂದು ನನ್ನ ತೊಡೆಯ ಮೇಲೆ ಮಲಗಿಸಿ ಆಶೀರ್ವಾದ ಕೇಳತೊಡಗಿದರು. ನಾನು ತಲೆ ಬಗ್ಗಿಸಿ ಕೂರುತ್ತಿದ್ದೆ. ಅದನ್ನು ವಿನಯ ಅಂದರು. ನಿಜವಾಗಿ ನನಗೆ ಭೂಮಿಯೊಳಗೆ ಇಳಿದುಹೋಗಬೇಕು ಅನ್ನಿಸುತ್ತಿತ್ತು. ಒಬ್ಬ ಸೊಸೆ ತನ್ನ ಅತ್ತೆಯನ್ನು ಎಷ್ಟು ಬೈಯಬಹುದೋ ಅಷ್ಟನ್ನೂ ನಾನು ಮನಸ್ಸಿನಲ್ಲೇ ಬೈದೆ.

ವರ್ಷ ತುಂಬುತ್ತ ಬಂತು. ನಡುವೆ ಮಾಡಿದ ಪರೀಕ್ಷೆಯಲ್ಲಿ ವೈರಸ್ ಕಂಡಿರಲಿಲ್ಲ. ಕೊನೆಯ ಇಂಜೆಕ್ಷನ್ನುಗಳು ಮುಗಿದ ಮೇಲೆ ಮತ್ತೆ ಪರೀಕ್ಷೆ, ಅದೂ ಶುದ್ಧ ಬಂದರೆ ಅವ್ವನ ಕಿಡ್ನಿ. "ಅಲ್ಲೀತನಕ ಜೋಪಾನ" ಎಂದು ಡಾಕ್ಟರು ನೂರು ಸಲ ಹೇಳಿ ಕಳಿಸಿದ್ದರು.

ಅಷ್ಟರಲ್ಲಿ ಅಕ್ಷಯ ತದಿಗೆ ಬಂತು. ಮೊದಲ ತೀರ್ಥಂಕರರು ದೀರ್ಘ ಉಪವಾಸದ ನಂತರ ಕಬ್ಬಿನ ಹಾಲು ಸ್ವೀಕರಿಸಿದ ದಿನ ಅದು. ವರ್ಷದ ವ್ರತ ಮುಗಿಸಿದವರಿಗೆ ಅವತ್ತು ಪಾರಣೆ. ಅವರನ್ನು ಕೂರಿಸಿ, ಹೆಂಗಸರೆಲ್ಲ ಸಾಲಾಗಿ ಬಂದು ಒಂದೊಂದು ಚಮಚ ಕಬ್ಬಿನ ಹಾಲು ಕುಡಿಸಿ ವ್ರತ ಬಿಡಿಸುತ್ತಾರೆ. ಬಸದಿಯ ಹಿರಿಯರು ಮನೆಗೆ ಬಂದು ನನ್ನನ್ನು ಕರೆದರು. ಅತ್ತೆಯ ಮುಖ ಬಿಳಿಚಿತು. "ಅಕಿಗೆ ಆರಾಮಿಲ್ರಿ" ಎಂದರು. "ತಪಸ್ಸು ಮಾಡಿದವ್ರಿಗೆ ಅಶಕ್ತಿ ಇರೂದಽರಿ. ಒಂದ ತಾಸ ಕುಂತ ಎದ್ದ ಬರ್ಲಿ" ಎಂದು ಅವರು ನಕ್ಕರು. ಒಂದು ಸುಳ್ಳಿಗೆ ಇಡೀ ಸಮಾಜವೇ ಹಾರ ತಂದಾಗ ಇಲ್ಲ ಅನ್ನುವುದು ಹೇಗೆಂದು ನಮಗಿಬ್ಬರಿಗೂ ತಿಳಿಯಲಿಲ್ಲ.

ಮಲ್ಲಿಗೆ ಮಾಲೆ ಹಾಕಿ ನನ್ನನ್ನು ಮಣೆಯ ಮೇಲೆ ಕೂರಿಸಿದರು. ಪಕ್ಕದಲ್ಲಿ ಕಬ್ಬು ಹಿಂಡುವ ರಸವಂತಿ ಅಂಗಡಿಯಿಂದ ತಂದ ಕಬ್ಬಿನ ಹಾಲಿನ ಕೊಡ. ಅತ್ತೆ ಮನೆಯಿಂದ ತೀರ ಸಣ್ಣ ಚಮಚವೊಂದನ್ನು ತಂದು ಪಾತ್ರೆಯಲ್ಲಿಟ್ಟಿದ್ದರು. ಇಬ್ಬರು ಕುಡಿಸುವಷ್ಟರಲ್ಲೇ ಅದನ್ನು ಯಾರೋ ಬದಲಿಸಿ ದೊಡ್ಡದಿಟ್ಟರು. ಕಬ್ಬಿನ ಹಾಲು ನನಗೆ ವಿಷ. ನೀರು ಹೆಚ್ಚಾದರೆ ಎದೆಗೇರುತ್ತದೆ, ಅದರಲ್ಲಿರುವ ಪೊಟ್ಯಾಶಿಯಂ ಹೃದಯವನ್ನೇ ನಿಲ್ಲಿಸಬಹುದು. ಎಲ್ಲ ಗೊತ್ತಿತ್ತು. ಆದರೂ ಬಾಯಿ ತೆರೆದೆ. "ಒಂದಽ ಚಮಚ, ತಾಯಿ" ಎಂದು ಒಬ್ಬೊಬ್ಬಳೂ ಕಣ್ಣು ತುಂಬಿಕೊಂಡು ಬಗ್ಗಿದಾಗ, ಬೇಡ ಅನ್ನಲು ನನ್ನ ನಾಲಿಗೆ ಏಳಲಿಲ್ಲ. ಮುಲಾಜು ಎನ್ನುವುದು ಎಂಥ ಕೆಟ್ಟ ರೋಗ ಎಂದು ಅವತ್ತು ತಿಳಿಯಿತು. ಸಾಲು ಬಾಗಿಲಾಚೆಗೂ ಇತ್ತು. ಅತ್ತೆ ಕಂಬದ ಬಳಿ ನಿಂತು, "ಸಾಕ್ರಿ, ಸಾಕು ಮಾಡ್ರಿ" ಎನ್ನುತ್ತಲೇ ಇದ್ದರು. ಯಾರೂ ಕೇಳಲಿಲ್ಲ, ಸೊಸೆಗೆ ದೃಷ್ಟಿಯಾದೀತೆಂದು ಅಂಜಿದ್ದಾರೆ ಎಂದುಕೊಂಡರು. ನನಗೆ ಉಸಿರು ಮೇಲಿಂದ ಮೇಲೆ ಬರತೊಡಗಿತು.

ಆಗ ಬಾಗಿಲಲ್ಲಿ ಅವ್ವ ಕಂಡಳು. ಪಾರಣೆಯ ಸುದ್ದಿ ಮಮದಾಪುರಕ್ಕೂ ಹೋಗಿತ್ತು. ಗೋಕಾಕದಲ್ಲಿ ಬಸ್ಸು ತಪ್ಪಿ ತಡವಾಗಿ ಬಂದಿದ್ದಳು. ಒಂದು ಸಲ ನನ್ನನ್ನು ನೋಡಿದಳು, ಒಂದು ಸಲ ಕೊಡವನ್ನು.

"ಬಾಯಿ ಮುಚ್ಚು!" ಎಂದು ಕೂಗಿದಳು. ಬಸದಿಯೇ ಬೆಚ್ಚಿತು. ಸಾಲನ್ನು ನೂಕಿಕೊಂಡು ಬಂದು ಯಾರದೋ ಕೈಯ ಚಮಚ ಕಸಿದು ಬಿಸಾಡಿದಳು. "ನನ್ನ ಮಗಳು ಯಾ ವ್ರತಾನೂ ಹಿಡದಿಲ್ಲ. ಕಿಡ್ನಿ ಹೋಗ್ಯಾವು. ರಕ್ತದಾಗ ಕಾಮಣಿ ಹೊಕ್ಕೈತಿ, ಅದಕ್ಕ ಸೂಜಿ ತಗೊಂಡು ಕೂದಲ ಹೋಗ್ಯಾವು. ನಾ ಕಿಡ್ನಿ ಕೊಡಾಕತ್ತೇನಿ. ನೀವು ಹಾಲ ಕುಡಿಸಿ ಕೊಲ್ಲಾಕತ್ತೀರಿ!"

ಈಗಷ್ಟೇ ನನ್ನ ತುಟಿ ಒರೆಸಿದ್ದವಳು ತನ್ನ ಬೆರಳನ್ನು ಸೀರೆಗೆ ಒರೆಸಿಕೊಂಡಳು. ಆಮೇಲೆ ಮತ್ತೊಂದು ಸಲ ಒರೆಸಿಕೊಂಡಳು. ತೊಡೆಯ ಮೇಲೆ ಕೂಸು ಮಲಗಿಸಿದ್ದವಳು ಕೂಸನ್ನು ಅವುಚಿಕೊಂಡು ಹಿಂದೆ ಸರಿದಳು. ಅವರನ್ನು ನಾನು ದೂರುವುದಿಲ್ಲ. ಜೀಪು ತರಲು ಓಡಿದವಳು ಹಾಲಿನವಳೇ. ಅತ್ತೆ ಮಾತ್ರ ಕಂಬ ಬಿಟ್ಟು ಕದಲಲಿಲ್ಲ. ತಲೆ ತಗ್ಗಿಸಿ ನಿಂತಿದ್ದರು, ಎಲ್ಲರೂ ಅವರನ್ನೇ ನೋಡುತ್ತಿದ್ದರು. ಜೀಪಿಗೆ ಹತ್ತುವಾಗ ನನಗೆ ಅದು ಕಂಡಿತು. ಚೆನ್ನಾಗಾಯಿತು ಅನ್ನಿಸಿತು.

ಬೆಳಗಾವಿ ಮುಟ್ಟುವವರೆಗೆ ಅವ್ವ ನನ್ನನ್ನು ನೆಟ್ಟಗೆ ಕೂರಿಸಿ ಹಿಡಿದಿದ್ದಳು. ಮಲಗಿದರೆ ಉಸಿರೇ ಆಡುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಯಂತ್ರ ಜೋಡಿಸುವಾತ ನನ್ನ ಕೊರಳಿನ ಮಾಲೆ ನೋಡಿ, "ಮದುವೆ ಮನೆಯಿಂದ ಬಂದ್ರಾ?" ಎಂದು ಕೇಳಿದ. ತೆಗೆಯಲು ಯಾರಿಗೂ ನೆನಪಾಗಿರಲಿಲ್ಲ. ಇಷ್ಟು ನಾಚಿಕೆಯನ್ನು ನಾನು ಆಮೇಲೆ ಆಪರೇಶನ್ ಟೇಬಲ್ಲಿನ ಮೇಲೆ ಬತ್ತಲೆ ಮಲಗಿದಾಗಲೂ ಪಡಲಿಲ್ಲ.

ಬದುಕಿದೆ. ಉಳಿದ ಇಂಜೆಕ್ಷನ್ನುಗಳು ಮುಗಿದವು. ಪರೀಕ್ಷೆಗೆ ರಕ್ತ ಕೊಟ್ಟು ಕಾಯುತ್ತಿದ್ದ ದಿನಗಳಲ್ಲಿ ನಮ್ಮ ಮನೆಗೆ ಒಬ್ಬರೂ ಬರಲಿಲ್ಲ. ಹಾಲಿನವಳು ಮಾತ್ರ ಬರುತ್ತಿದ್ದಳು, ಕಾಲಿಗೆ ಬೀಳುತ್ತಿರಲಿಲ್ಲ, "ಹ್ಯಾಂಗದೀರಿ?" ಎನ್ನುತ್ತಿದ್ದಳು. ಅದು ನನಗೆ ಎಷ್ಟೋ ಹಿತವಾಗಿತ್ತು. ರಕ್ತ ಶುದ್ಧ ಬಂತು. ಅವ್ವನ ಕಿಡ್ನಿ ನನ್ನ ಹೊಟ್ಟೆಗೆ ಬಂತು. ಅವಳು ಎದ್ದು ಓಡಾಡತೊಡಗಿದ ದಿನವೇ ನನ್ನ ಹಾಸಿಗೆಯ ಬಳಿ ಬಂದು, ನೇತುಹಾಕಿದ್ದ ಮೂತ್ರದ ಚೀಲ ತುಂಬಿದ್ದನ್ನು ನೋಡಿ, "ನಂದು ಛಲೋ ದುಡ್ಯಾಕತ್ತೈತಿ" ಅಂದಳು. ಪಕ್ಕೆ ಹಿಡಿದುಕೊಂಡೇ ನಕ್ಕಳು. ಅವಳ ಪಕ್ಕೆಯ ಹೊಲಿಗೆಯನ್ನು ನೋಡುವ ಧೈರ್ಯ ನನಗೆ ಬಹಳ ದಿನ ಬರಲಿಲ್ಲ.

ಆಸ್ಪತ್ರೆಯ ಹತ್ತಿರವೇ ಬಾಡಿಗೆ ಕೋಣೆಯಲ್ಲಿ ಕೆಲವು ತಿಂಗಳಿದ್ದು ಮೂಡಲಗಿಗೆ ಬಂದೆ. ಈಗ ಡಾಕ್ಟರ ಮಾತು ಉಲ್ಟಾ. ನೀರು ಕುಡಿ, ಎಷ್ಟಾದರೂ ಕುಡಿ, ಹೊತ್ತು ಮುಳುಗಿದ ಮೇಲೂ ಕುಡಿ. ನಮ್ಮ ಮನೆಯಲ್ಲಿ ಆ ಹೊತ್ತಿಗೆ ನೀರು ಕೇಳುವುದು ಹೇಗೆಂದು ನಾನು ಹಿಂಜರಿದಿದ್ದೆ. ಕೇಳಬೇಕಾಗಲಿಲ್ಲ. ಕಾಯಿಸಿ ಸೋಸಿದ ನೀರಿನ ತಂಬಿಗೆ ಮಂಚದ ಬಳಿ ಮುಚ್ಚಿಟ್ಟಿತ್ತು. ಅತ್ತೆ ನನ್ನೊಡನೆ ಹೆಚ್ಚು ಮಾತಾಡುತ್ತಿರಲಿಲ್ಲ. ನಾನೂ ಆಡುತ್ತಿರಲಿಲ್ಲ.

ಕೆಲ ದಿನ ಕಳೆದು ನಾನೇ ಒಲೆಯ ಮುಂದೆ ಕೂತೆ. ಸ್ವಲ್ಪ ಉಪ್ಪು ನಡೆಯುತ್ತದೆ ಎಂದಿದ್ದರು. ಹೀರೇಕಾಯಿ ಪಲ್ಯ ಮಾಡಿ, ಜೋಳದ ರೊಟ್ಟಿ ಬಡಿದು, ಎಲ್ಲರಿಗೂ ಒಟ್ಟಿಗೇ ಬಡಿಸಿದೆ. ಅತ್ತೆಯನ್ನೂ ಕೂರಿಸಿದೆ. ಅವರು ಒಂದು ತುತ್ತು ಬಾಯಿಗಿಟ್ಟರು. ಮುಖ ಹಿಂಡಿತು, ಕಣ್ಣಲ್ಲಿ ನೀರು ಬಂತು.

"ಉಪ್ಪ ಭಾಳ ಆತೇನ್ರಿ?" ಎಂದೆ.

"ಬರೋಬ್ಬರಿ ಐತಲ್ಲ" ಎಂದರು ನನ್ನ ಗಂಡ. ನಾನು ರುಚಿ ನೋಡಿದೆ. ಕಡಿಮೆಯೇ ಇತ್ತು.

ಅತ್ತೆ ತುತ್ತನ್ನು ಕಷ್ಟಪಟ್ಟು ನುಂಗಿದರು. "ರೂಢಿ ತಪ್ಪೇತಿ" ಅಂದರು.

ನನಗೆ ಆ ದೊಡ್ಡ ಬೋಗುಣಿ ನೆನಪಾಯಿತು. "ಉಳದದ್ದು ಎಮ್ಮಿಗೆ ಹಾಕ್ತೇನಿ ಅಂತಿದ್ರೆಲ್ಲ."

"ಉಪ್ಪಿಲ್ಲದ ಪಲ್ಯಾ ಎಮ್ಮಿ ಮೂಸಿ ಸೈತ ನೋಡಾಂಗಿಲ್ಲ."

"ಉಪ್ಪ ಯಾವಾಗ ಬಿಟ್ರಿ?"

"ನೀ ವ್ರತ ಹಿಡದಿ ಅಂತ ಹೇಳಿದ ದಿನಾನಽ. ಬಸದ್ಯಾಗ ದೇವರ ಮುಂದ ನಿಂತ ಹೇಳಿದ ಮಾತು. ಯಾರರ ಹಿಡೀಬೇಕಾಗಿತ್ತಲ್ಲ." ತಾಟು ನೋಡುತ್ತ, "ನೀನು ಆರಾಮಾಗಿ ಮನಿಗೆ ಬಂದು ನಿನ್ನ ಕೈಯಾಗಿನ ಉಪ್ಪ ನಾ ಉಣ್ಣೂತನಕ ಅಂದಿದ್ದೆ" ಎಂದರು.

ನನ್ನ ಕೈಯಲ್ಲಿದ್ದ ರೊಟ್ಟಿ ಹಾಗೇ ಉಳಿಯಿತು. ಊರೆಲ್ಲ ಬಂದು ಬಿದ್ದ ಕಾಲು ಯಾರದು, ಬೀಳಬೇಕಾಗಿದ್ದ ಕಾಲು ಯಾರದು. ಅವರು ಬಸದಿಯ ಕಂಬಕ್ಕೆ ಒರಗಿ ನಿಂತಿದ್ದಾಗ ಚೆನ್ನಾಗಾಯಿತು ಅಂದುಕೊಂಡವಳು ನಾನು. ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಎದ್ದು ಗಂಡನಿಗೆ, "ರಸವಂತಿಯಿಂದ ಕಬ್ಬಿನ ಹಾಲು ತರ್ರಿ, ಅತ್ತಿ ಪಾರಣಿ ನನ್ನ ಕೈಲೆ ಆಗ್ಲಿ" ಅಂದೆ.

ಅತ್ತೆ ಕೈ ಅಡ್ಡ ಹಿಡಿದರು. "ಬ್ಯಾಡ. ನಾ ಹಿಡದದ್ದು ವ್ರತ ಅಲ್ಲ, ಸುಳ್ಳಿಗೆ ಕೊಟ್ಟ ದಂಡ. ದಂಡಕ್ಕ ಪಾರಣಿ ಇರಾಂಗಿಲ್ಲ. ಕುಂದರು, ಉಣ್ಣು."

ನಾನು ಕೂತೆ. ಅವರು ಇನ್ನೊಂದು ತುತ್ತು ಮುರಿದು, ಪಲ್ಯಕ್ಕೆ ಅದ್ದಿ, ಕಣ್ಣು ಮುಚ್ಚಿ ಬಾಯಿಗಿಟ್ಟುಕೊಂಡರು. ಅಗಿಯುತ್ತಲೇ ತಮ್ಮ ತಾಟಿನ ಬಳಿಯಿದ್ದ ನೀರಿನ ತಂಬಿಗೆಯನ್ನು ನನ್ನ ಕಡೆ ಸರಿಸಿದರು. ಅವರ ಬಾಯಿ ಉಪ್ಪಿಗೆ ಉರಿಯುತ್ತಿತ್ತು, ನೀರು ಬೇಕಾಗಿದ್ದದ್ದು ಅವರಿಗೆ.